ವಾರ್ಷಿಕ ಸಂಚಿಕೆಯ ಫ್ಲಾಪಿಗಳು

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿದ್ದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೆನಪಿರುವವರಿಗೆ ಅದರ ಮೂಲೆಯ ಯಂತ್ರವೂ ನೆನಪಿರುತ್ತದೆ. ಉಳಿದವುಗಳಲ್ಲಿ ಪ್ರೋಗ್ರಾಮ್ ಬರೆಯುವ ಟರ್ಬೊ ಸಿ, ಅದರಲ್ಲಿ ಮಾತ್ರ ‘ಬರಹ’ ಮತ್ತು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳು. ವಾರ್ಷಿಕ ಸಂಚಿಕೆಯ ಕಥೆ, ಕವನ, ಪ್ರವಾಸ ಕಥನ, ರ‍್ಯಾಂಕ್ ಬಂದವರ ಪಟ್ಟಿ ಎಲ್ಲವೂ ಆ ಒಂದು ಕೀಲಿಮಣೆಯಿಂದಲೇ ಪ್ರೆಸ್ಸಿಗೆ ಹೋಗಬೇಕಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ. ನಡುವೆ ಎಫ್ ಒತ್ತಿದರೆ ಒತ್ತಕ್ಷರ. ಎರಡು ದಿನ ಕೂತರೆ ಬೆರಳಿಗೆ ಹತ್ತುತ್ತಿತ್ತು. ಟೈಪಾದದ್ದನ್ನೆಲ್ಲ ಫ್ಲಾಪಿಗೆ, ಅಂದರೆ ಆಗಿನ ಅಂಗೈಯಗಲದ ದತ್ತಾಂಶ ಡಿಸ್ಕಿಗೆ ಹಾಕಿ, ಲೇಬಲ್ ಮೇಲೆ ವರ್ಷ ಬರೆದು ಬೀರುವಿನಲ್ಲಿಡುವ ಪದ್ಧತಿಯಿತ್ತು.

ಆ ಫ್ಲಾಪಿಗಳು ಗ್ರಂಥಾಲಯದಲ್ಲಿ ಇನ್ನೂ ಇವೆ. ಹಳೆಯ ದತ್ತಾಂಶವನ್ನು ಹೊಸ ವ್ಯವಸ್ಥೆಗೆ ಸಾಗಿಸುವುದು ನನ್ನ ಉದ್ಯೋಗ, ಹಳೆಯ ಡಿಸ್ಕ್ ಓದಿಸುವುದು ಹವ್ಯಾಸ. ಎರಡೂ ಒಂದೇ ವಿದ್ಯೆ. ಕಚೇರಿಯಲ್ಲಿ ಗಡುವು ಇರುತ್ತದೆ. ಹವ್ಯಾಸದಲ್ಲಿ ಒಂದೇ ಒಂದು ಸೆಕ್ಟರಿಗೆ, ಅಂದರೆ ಡಿಸ್ಕಿನ ಒಂದು ಪುಟ್ಟ ತುಂಡಿಗೆ, ಇಡೀ ಭಾನುವಾರ ಕೊಡಬಹುದು. ಈಗ ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಕೈಹಾಕಿದರೆ ಆ ಸಂಚಿಕೆಗಳನ್ನು ಇಂದಿನ ಕಂಪ್ಯೂಟರ್, ಫೋನುಗಳು ಓದಬಲ್ಲ ಕನ್ನಡಕ್ಕೆ ತರಬಹುದು. ಹೇಗೆಂದು ಬರೆದಿಡುತ್ತೇನೆ.

ಡ್ರೈವಿಗೆ ಹಾಕುವ ಮೊದಲು ಡಿಸ್ಕನ್ನು ನೋಡಿ. ಲೋಹದ ಮುಚ್ಚಳ ಸರಿಸಿ, ಹಿಂಬದಿಯ ದುಂಡನೆಯ ಲೋಹದ ಬಿಲ್ಲೆಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತ ದೀಪಕ್ಕೆ ಓರೆಯಾಗಿ ಹಿಡಿಯಿರಿ. ಕಂದುಗಪ್ಪು ಹಾಳೆ ನುಣುಪಾಗಿ ಹೊಳೆದರೆ ಸರಿ. ಬಿಳಿ ಚುಕ್ಕೆ, ಜೇಡರ ಬಲೆಯಂಥ ಗೆರೆ ಕಂಡರೆ ಬೂಷ್ಟು ಹಿಡಿದಿದೆ ಎಂದರ್ಥ. ನಮ್ಮ ಕಡೆಯ ಮಳೆಗಾಲಕ್ಕೆ ಇದು ಸಹಜ. ಹಾಗೆಯೇ ಹಾಕಿದರೆ ಬೂಷ್ಟು ಡ್ರೈವಿನ ಹೆಡ್ಡಿಗೆ (ಡಿಸ್ಕನ್ನು ಓದುವ, ಬರೆಯುವ ತುದಿಗೆ) ಮೆತ್ತಿಕೊಂಡು, ಈ ಡಿಸ್ಕನ್ನೂ ಮುಂದೆ ಹಾಕುವ ಡಿಸ್ಕನ್ನೂ ಗೀರುತ್ತದೆ. ನೂಲು ಬಿಡದ ಸ್ವ್ಯಾಬಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಒತ್ತದೆ ಒರೆಸಿ, ಪೂರ್ತಿ ಆರಲು ಬಿಡಿ. ನೀರು ಬೇಡ, ಸ್ಪಿರಿಟ್ ಹೆಸರಿನಲ್ಲಿ ಸಿಗುವ ಬಣ್ಣದ ದ್ರವವೂ ಬೇಡ.

ಆಮೇಲೆ ಮೂಲೆಯ ಪುಟ್ಟ ತಡೆಗುಂಡಿಯನ್ನು ಸರಿಸಿ ಕಿಂಡಿ ತೆರೆದಿರುವಂತೆ ಮಾಡಿ. ಕಿಂಡಿ ತೆರೆದಿದ್ದರೆ ಡ್ರೈವ್ ಆ ಡಿಸ್ಕಿನ ಮೇಲೆ ಬರೆಯಲಾರದು. ಇದನ್ನು ಮರೆತು, ಪರದೆಯ ಮೇಲೆ ‘ಫಾರ್ಮ್ಯಾಟ್ ಮಾಡಲೇ?’ ಎಂಬ ಪ್ರಶ್ನೆ ಬಂದಾಗ ಹೌದು ಎಂದು, ಇದ್ದದ್ದನ್ನೆಲ್ಲ ಅಳಿಸಿಕೊಂಡವರು ಎಷ್ಟೋ ಜನ.

ಯುಎಸ್‌ಬಿ ಫ್ಲಾಪಿ ಡ್ರೈವ್ ಸಾಕು. ಆದರೆ ಕಡತಗಳನ್ನು ಎಳೆದು ನಕಲು ಮಾಡಬೇಡಿ. ಹಾಳಾದ ಸೆಕ್ಟರ್ ಸಿಕ್ಕ ತಕ್ಷಣ ನಕಲು ನಿಲ್ಲುತ್ತದೆ, ಮತ್ತೆ ಮತ್ತೆ ಓದಿಸಿದಷ್ಟೂ ಡಿಸ್ಕ್ ಸವೆಯುತ್ತದೆ. ಮೊದಲು ಇಡೀ ಡಿಸ್ಕಿನ ಪ್ರತಿಬಿಂಬ, ಅಂದರೆ ಎಲ್ಲ ಸೆಕ್ಟರುಗಳ ಯಥಾವತ್ ನಕಲಿರುವ ಒಂದೇ ಕಡತ, ತೆಗೆಯಬೇಕು. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಓದಿ, ಹಟ ಹಿಡಿದ ಸೆಕ್ಟರುಗಳನ್ನು ಕೊನೆಗೆ ಇಟ್ಟುಕೊಂಡು, ಯಾವುದು ಬಂತು ಯಾವುದು ಬಾಕಿ ಎಂದು ಬೇರೊಂದು ಕಡತದಲ್ಲಿ ಲೆಕ್ಕ ಇಡುತ್ತದೆ. 1.44 ಎಂಬಿ ಡಿಸ್ಕಿನಲ್ಲಿ 80 ಟ್ರ್ಯಾಕ್, 2 ಬದಿ, ಟ್ರ್ಯಾಕಿಗೆ 18 ಸೆಕ್ಟರ್, ಒಟ್ಟು 2,880. ಸೆಕ್ಟರಿಗೆ 512 ಬೈಟ್. ಪ್ರತಿಬಿಂಬದ ಗಾತ್ರ ಸರಿಯಾಗಿ 14,74,560 ಬೈಟ್ ಇರಬೇಕು.

ಕೆಲವು ಸೆಕ್ಟರ್ ಬರದಿದ್ದರೆ ಅದೇ ಲೆಕ್ಕದ ಕಡತವನ್ನು ಇಟ್ಟುಕೊಂಡು ಇನ್ನೊಂದು ಡ್ರೈವಿನಲ್ಲಿ ಮುಂದುವರಿಸಿ. ಬರೆದ ಡ್ರೈವಿನ ಹೆಡ್ ಕೂದಲೆಳೆಯಷ್ಟು ಆಚೀಚೆ ಇದ್ದಿದ್ದರೆ, ಹಾಗೆಯೇ ಆಚೀಚೆ ಇರುವ ಇನ್ನೊಂದು ಡ್ರೈವಿಗೆ ಅದು ಓದಲು ಬರುತ್ತದೆ. ಒಂದು ಓದದ್ದನ್ನು ಇನ್ನೊಂದು ಓದುವುದು ಇದೇ ಕಾರಣಕ್ಕೆ. ಮೊದಲ ಸೆಕ್ಟರೇ ಹೋಗಿದ್ದರೂ ಗಾಬರಿ ಬೇಡ. ಡಾಸ್ ಎಂಬ ಹಳೆಯ ಕಾರ್ಯವ್ಯವಸ್ಥೆಯ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಬೇರೊಂದು 1.44 ಡಿಸ್ಕಿನ ಮೊದಲ ಸೆಕ್ಟರನ್ನು ಪ್ರತಿಬಿಂಬದ ನಕಲಿನಲ್ಲಿ ಕೂರಿಸಿದರೆ ಸಾಮಾನ್ಯವಾಗಿ ಕಡತಗಳ ಪಟ್ಟಿ ತೆರೆಯುತ್ತದೆ. ಯಾವ ಕಡತ ಎಲ್ಲಿದೆ ಎಂಬ ಕೋಷ್ಟಕವೂ ಡಿಸ್ಕಿನಲ್ಲಿ ಎರಡೆರಡು ಪ್ರತಿ ಇರುತ್ತದೆ.

ಕಡತ ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಯೂರೋಪಿನ ಅಕ್ಷರಗಳು ಕಂಡರೆ ಏನೂ ಕೆಟ್ಟಿಲ್ಲ. ಆಗಿನ ಫಾಂಟುಗಳಲ್ಲಿ ಇಟ್ಟಿದ್ದು ಅಕ್ಷರಗಳನ್ನಲ್ಲ, ಅಕ್ಷರದ ತುಂಡುಗಳನ್ನು. ಮುದ್ರಣಾಲಯದ ಮೊಳೆಜೋಡಕರು ಅಚ್ಚುಮೊಳೆ ಜೋಡಿಸಿದಂತೆ ಕಣ್ಣಿಗೆ ಕಾಣುವ ಕ್ರಮದಲ್ಲಿ ತುಂಡುಗಳನ್ನು ಪೇರಿಸಿದ್ದರು. ಇಂದಿನ ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್ ಇಡುವುದು ನಾವು ಉಚ್ಚರಿಸುವ ಕ್ರಮದಲ್ಲಿ. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಸಿದ್ಧ ಪರಿವರ್ತಕಗಳಿವೆ, ಆದರೆ ಅವು ಎಲ್ಲಿ ಎಡವುತ್ತವೆ ಎಂದು ತಿಳಿಯಲು ಈ ಭೇದ ಗೊತ್ತಿರಬೇಕು.

‘ಕರ್ನಾಟಕ’ ಎಂಬ ಪದವನ್ನೇ ನೋಡಿ. ಹಳೆಯ ಕಡತದಲ್ಲಿ ಅದು ಕ, ನಾ, ಆಮೇಲೆ ಅರ್ಕಾವತ್ತು, ನಂತರ ಟ, ಕ. ಯೂನಿಕೋಡಿನಲ್ಲಿ ರಕಾರ ನಾ ಅಕ್ಷರಕ್ಕಿಂತ ಮುಂಚೆಯೇ ಬರಬೇಕು. ಆದ್ದರಿಂದ ಪರಿವರ್ತಕ ಅರ್ಕಾವತ್ತು ಕಂಡಾಗ ಹಿಂದಕ್ಕೆ ಹೋಗಿ, ಒಂದು ಪೂರ್ಣ ಅಕ್ಷರ ದಾಟಿ, ಅಲ್ಲಿ ರಕಾರವನ್ನು ಸೇರಿಸಬೇಕು. ‘ಸ್ತ್ರೀ’ ಇನ್ನೂ ಕಠಿಣ: ಸಿ, ತ ಒತ್ತು, ರ ಒತ್ತು, ಕೊನೆಯಲ್ಲಿ ಬಿಡಿಯಾಗಿ ದೀರ್ಘದ ಗುರುತು. ಗುಡಿಸು ಮೊದಲೇ ಸಕಾರಕ್ಕೆ ಅಂಟಿಕೊಂಡಿದೆ, ಅದನ್ನು ಬಿಡಿಸಿ ಎರಡೂ ಒತ್ತುಗಳ ಆಚೆಗೆ ಒಯ್ದು ದೀರ್ಘದೊಂದಿಗೆ ಸೇರಿಸಬೇಕು. ಎಲ್ಲಕ್ಕಿಂತ ಸೊಗಸಾದದ್ದು ‘ಮ’. ಅದು ಒಂದು ತುಂಡಲ್ಲ. ವಕಾರದ ಒಡಲು, ತಲಕಟ್ಟು, ಕೊಂಬು ಮೂರೂ ಸೇರಿ ಮ. ಬಿಡಿಬಿಡಿಯಾಗಿ ಓದುವ ಪರಿವರ್ತಕ ಇದನ್ನು ‘ವು’ ಮಾಡಿಬಿಡುತ್ತದೆ, ‘ಮರ’ ಹೋಗಿ ‘ವುರ’ ಆಗುತ್ತದೆ. ನಿಜವಾದ ‘ವು’ಗೆ ಬೇರೆಯದೇ ಕೊಂಬು ಇದೆ. ಸ್ವಂತ ಪರಿವರ್ತಕ ಬರೆಯುವವರು ಉದ್ದದ ಜೋಡಣೆಯನ್ನು ಮೊದಲು ಹುಡುಕಿ ಆಮೇಲೆ ಚಿಕ್ಕದಕ್ಕೆ ಇಳಿದರೆ ಈ ತಪ್ಪು ಬರುವುದಿಲ್ಲ. ಕಾಲೇಜಿನ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ಗೊತ್ತಿಲ್ಲ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲವು ನೂರು ಸಾಲಿನ ಕೆಲಸ.

ನಡುವೆ ಇಂಗ್ಲಿಷ್ ಹೆಸರುಗಳಿದ್ದರೆ ಅವೂ ಕನ್ನಡದ ತುಂಡುಗಳೆಂದು ತಿಳಿದು ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಆದ್ದರಿಂದ ವರ್ಡ್ ಕಡತವನ್ನು ಬರಿಯ ಪಠ್ಯವಾಗಿ ಉಳಿಸುವ ಮೊದಲೇ, ಯಾವ ಭಾಗಕ್ಕೆ ಯಾವ ಫಾಂಟ್ ಎಂದು ನೋಡಿ ಇಂಗ್ಲಿಷನ್ನು ಬೇರ್ಪಡಿಸಿಕೊಳ್ಳಬೇಕು. ಹಳೆಯ ವರ್ಡ್ ಕಡತಗಳನ್ನು ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ತೆರೆಯುತ್ತದೆ. ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರಿನ ಹಲವು ಕಡತಗಳನ್ನು ಅದರ ಡ್ರಾ ವಿಭಾಗ ತೆರೆಯುತ್ತದೆ.

‘ಸಾಫ್ಟ್‌ವೇರ್’ ಥರದ ಪದಗಳಲ್ಲಿ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಬಿಡಿಸುಗುರುತನ್ನು ಸೇರಿಸದಿದ್ದರೆ ವಕಾರ ಕೆಳಗಿಳಿದು ಒತ್ತಾಗುತ್ತದೆ. ‘ರ‍್ಯಾಂಕ್’ ಪದದಲ್ಲಿ ರಕಾರದ ನಂತರ ಕೂಡುಗುರುತು ಬರಬೇಕು, ಇಲ್ಲದಿದ್ದರೆ ಅದು ಅರ್ಕಾವತ್ತಾಗಿ ಯಕಾರದ ಬಲಕ್ಕೆ ಹೋಗಿ ಕೂರುತ್ತದೆ. ನಮ್ಮ ಸಂಚಿಕೆಗಳಲ್ಲಿ ರ‍್ಯಾಂಕಿನ ಪಟ್ಟಿ ಪುಟಗಟ್ಟಲೆ ಇರುವುದರಿಂದ ಪರಿಶೀಲನೆ ಅಲ್ಲಿಂದಲೇ ಶುರುವಾಗಲಿ. ಅಚ್ಚಾದ ಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಪರದೆ ನೋಡುತ್ತ ತಿದ್ದಿದರೆ ಬೇಗ ಸಾಗುತ್ತದೆ. ಓದಲಾಗದ ಒಂದು ಸೆಕ್ಟರ್ ಎಂದರೆ ಸುಮಾರು ಆರೇಳು ಸಾಲು. ಅಷ್ಟನ್ನು ಅಚ್ಚಾದ ಪ್ರತಿ ನೋಡಿ ಕೈಯಾರೆ ಟೈಪ್ ಮಾಡಬಹುದು.

ಮುಗಿದ ಮೇಲೆ ಪ್ರತಿಬಿಂಬ, ಮೂಲ ಕಡತ, ಯೂನಿಕೋಡ್ ಪಠ್ಯ ಮೂರನ್ನೂ ಎರಡು ಬೇರೆ ಬೇರೆ ಜಾಗಗಳಲ್ಲಿ ಇಡಿ. ಫ್ಲಾಪಿಗಳನ್ನು ಎಸೆಯಬೇಡಿ. ಅದರ ಮೇಲೆ ಯಾವ ವರ್ಷ, ಯಾವ ವಿಭಾಗ ಎಂದು ನಮ್ಮ ಸಂಪಾದಕ ಮಂಡಳಿಯವರು ಕೈಯಲ್ಲಿ ಬರೆದ ಲೇಬಲ್ ಇದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬದಲ್ಲಿ ನೇರವಾಗಿ ನಿಲ್ಲಿಸಿ, ಹೊರಗೋಡೆಗೆ ತಾಗದ ಬೀರುವಿನಲ್ಲಿಡಿ.