ಕರೆಂಟ್ ಹೋದ್ರ ಏನ್ ಮಾಡ್ತೀರಿ?

ಮನೆಗೆ ಬಂದವರು ಚಹಾ ಮುಗಿಸುವ ಮೊದಲೇ ಗೋಡೆಯ ಸ್ವಿಚ್ಚಿನ ಕಡೆ ನೋಡಿ ಇದನ್ನೇ ಕೇಳುತ್ತಾರೆ. ನಮ್ಮ ಮನೆಯವರಿಗೆ ಮೋಟಾರ್ ನ್ಯೂರಾನ್ ಕಾಯಿಲೆ, ಅಂದರೆ ಸ್ನಾಯುಗಳನ್ನು ನಡೆಸುವ ನರಗಳೇ ಸೋಲುತ್ತ ಹೋಗುವ ಕಾಯಿಲೆ. ಉಸಿರಾಟದ ಸ್ನಾಯುಗಳೂ ಸೋತ ಮೇಲೆ ಗಂಟಲಿಗೆ ಟ್ಯೂಬ್ ಹಾಕಿ, ವೆಂಟಿಲೇಟರ್ ಸಮೇತ ಮನೆಗೆ ಕಳಿಸಿದರು. ಕಲಬುರಗಿಯ ಬೇಸಿಗೆ ಗೊತ್ತಲ್ಲ, 42 ಡಿಗ್ರಿಯ ಮಧ್ಯಾಹ್ನ ಕರೆಂಟ್ ಹೋಗುವುದು ಹೊಸದೇನಲ್ಲ. ಕೇಳುವವರ ದಿಗಿಲು ಸರಿಯೇ.

ಕರೆಂಟಿನ ಉತ್ತರ ಚಿಕ್ಕದು. ಮಷಿನ್ನಿನ ಒಳಗೇ ಬ್ಯಾಟರಿ ಇದೆ, ಕೆಲವು ತಾಸು ನಡೆಯುತ್ತದೆ. ಅದರ ಬೆನ್ನಿಗೆ ಇನ್ವರ್ಟರ್. ಎಷ್ಟೇ ಸೆಕೆ ಇರಲಿ, ಕೂಲರನ್ನು ಆ ಲೈನಿಗೆ ಕೊಟ್ಟಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಬೇರೆಯದು. ಮೊದಲ ಮೂರು ತಿಂಗಳು ಮನೆಯಲ್ಲಿ ಎಲ್ಲ ಬಲ್ಲವಳು ನಾನೊಬ್ಬಳೇ. ಸ್ನಾನಕ್ಕೆ ಹೋದರೂ ಕಿವಿ ಅಲಾರಂ ಕಡೆ. ಒಂದು ಸಂಜೆ ಮಾಳಿಗೆ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ, ಕೆಳಗೆ ಅಲಾರಂ ಕೂಗತೊಡಗಿತು. ಓಡಿ ಬಂದರೆ ಪೈಪ್ ಟ್ಯೂಬಿನಿಂದ ಕಳಚಿ ಎದೆಯ ಮೇಲೆ ಬಿದ್ದಿದೆ, ಅತ್ತೆ ದೇವರಿಗೆ ಕೈ ಮುಗಿದು ನಿಂತಿದ್ದಾರೆ. ಮತ್ತೆ ಸಿಕ್ಕಿಸಲು ಎರಡು ಸೆಕೆಂಡು ಸಾಕು. ಆ ಎರಡು ಸೆಕೆಂಡಿನ ಕೆಲಸವನ್ನು ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ.

ಮರುದಿನದಿಂದ ಅತ್ತೆ, ಹತ್ತನೇ ಕ್ಲಾಸಿನ ಮಗ, ಬಾಜೂ ಮನೆಯ ಕಾಕು ಮೂವರನ್ನೂ ಕೂರಿಸಿಕೊಂಡೆ. ಒತ್ತಡ ಕಡಿಮೆ ಅಂತ ಅಲಾರಂ ಬಂದರೆ ಪೈಪ್ ಎಲ್ಲೋ ಬಿಚ್ಚಿದೆ. ಹೆಚ್ಚು ಅಂತ ಬಂದರೆ ಕಫ ಕಟ್ಟಿದೆ, ಇಲ್ಲವೇ ಪೈಪ್ ಮಡಚಿದೆ. ಕಫ ಎಳೆಯುವಾಗ ಒಂದು ಸಲಕ್ಕೆ 10ರಿಂದ 15 ಸೆಕೆಂಡು, ಅದಕ್ಕಿಂತ ಹೆಚ್ಚು ಬೇಡ. ಏನೂ ತಿಳಿಯದಿದ್ದರೆ ಮಷಿನ್ ಜೊತೆ ಗುದ್ದಾಡದೆ, ಪೈಪ್ ತೆಗೆದು ಗಂಟಲಿನ ಟ್ಯೂಬಿಗೆ ಅಂಬು ಬ್ಯಾಗ್, ಅಂದರೆ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ, ಹಚ್ಚಬೇಕು. ಅದಕ್ಕೆ ಕರೆಂಟೂ ಬೇಡ, ಬ್ಯಾಟರಿಯೂ ಬೇಡ.

ಕಾಕು ಮೊದಲ ಸಲ ಅದನ್ನು ರೊಟ್ಟಿ ಬಡಿಯುವ ವೇಗದಲ್ಲೇ ಒತ್ತಿದರು. ಮನೆಯವರ ಹುಬ್ಬು ಗಂಟಾಯಿತು. 'ಸಾವಕಾಶ ಕಾಕು, ಐದು ಸೆಕೆಂಡಿಗೆ ಒಂದ್ ಸಲ. ಎದಿ ಏಳೋದು ನೋಡ್ರಿ, ಆಮ್ಯಾಲ ಬಿಡ್ರಿ' ಅಂದೆ. ನಿಮಿಷಕ್ಕೆ 12. ಕಾಕು ಗಡಿಯಾರ ನೋಡಲಿಲ್ಲ. ಒಂದೊಂದೇ ಅಕ್ಷರ ಬಿಡಿಸಿ 'ಓಂ ನಮಃ ಶಿವಾಯ' ಅನ್ನುವುದು, ಒಂದು ಸಲ ಒತ್ತುವುದು. ಮನೆಯವರು ಕಣ್ಣು ಒಮ್ಮೆ ಮುಚ್ಚಿ ತೆರೆದರು. ನಮ್ಮಲ್ಲಿ ಅದಕ್ಕೆ ಹೌದು ಎಂದರ್ಥ. ಯಾರ ಕೈ ಪಳಗಿದೆ ಎಂದು ಹೇಳುವವರು ಅವರೇ, ನಾನಲ್ಲ.

ಆದರೂ ಕಾಕುಗೆ ಒಳಗೆ ಅಂಜಿಕೆ. ಆಗ 1952ರ ಡೆನ್ಮಾರ್ಕಿನ ಕೋಪನ್‌ಹೇಗನ್ ಊರಿನ ಸುದ್ದಿ ಹೇಳಿದೆ. ಪೋಲಿಯೊ ಹಬ್ಬಿ, ಉಸಿರಾಟದ ಯಂತ್ರಗಳು ಸಾಲದೆ ಬಂದಾಗ, ಮೆಡಿಕಲ್ ಓದುವ ಹುಡುಗರು ಪಾಳಿ ಹಚ್ಚಿಕೊಂಡು ವಾರಗಟ್ಟಲೆ ಹಗಲು ರಾತ್ರಿ ಕೈಯಿಂದಲೇ ಚೀಲ ಒತ್ತಿ ಎಷ್ಟೋ ಜೀವ ಉಳಿಸಿದರು. 'ಹುಡುಗೂರು ಮಾಡ್ಯಾರಂದ್ರ ನನಗ್ಯಾಕ ಆಗಂಗಿಲ್ಲ?' ಅಂದರು ಕಾಕು.

ಹೋದ ಮೇ ತಿಂಗಳಲ್ಲಿ, ವರ್ಷದ ಮೇಲೆ ಮೊದಲ ಸಲ ಶರಣಬಸವೇಶ್ವರ ಗುಡಿಗೆ ಹೋಗಿದ್ದೆ. ಪ್ರದಕ್ಷಿಣೆಯ ನಡುವೆ ಫೋನ್ ಬಂತು, ಕಾಕು. 'ಕರೆಂಟ್ ಹೋಗ್ಯದ. ಮಷಿನ್ ನಡದದ, ಬ್ಯಾಗ್ ಕೈಯಾಗೇ ಅದ. ನೀ ಸಾವಕಾಶ ಬಾ.' ನಾನು ಅಪ್ಪನ ಕೆರೆಯ ದಂಡೆಗೆ ಹೋಗಿ ಇನ್ನೂ ಅರ್ಧ ತಾಸು ಕೂತೆ.