ಸೇಂಟ್ ಹೆಲೆನಾದ ಕಡಿದಾದ ದಾರಿಗಳಲ್ಲಿ

ಆಫ್ರಿಕಾದ ಪಶ್ಚಿಮ ತೀರದಿಂದ ಸುಮಾರು 1,950 ಕಿಲೋಮೀಟರ್ ದೂರದಲ್ಲಿ, ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಸೇಂಟ್ ಹೆಲೆನಾ ಒಂಟಿಯಾಗಿ ನಿಂತಿದೆ. ವಿಸ್ತೀರ್ಣ 122 ಚದರ ಕಿಲೋಮೀಟರ್. ಜನಸಂಖ್ಯೆ ಐದು ಸಾವಿರವನ್ನೂ ಮುಟ್ಟುವುದಿಲ್ಲ. 2017ರ ಅಕ್ಟೋಬರ್‌ನಲ್ಲಿ ಜೊಹಾನ್ಸ್‌ಬರ್ಗ್‌ನಿಂದ ನಿಯಮಿತ ವಿಮಾನ ಸಂಚಾರ ಆರಂಭವಾಗುವ ತನಕ ಹಡಗೊಂದೇ ದಾರಿ. ಅಮ್ಮನಿಗೆ ಸಮುದ್ರಯಾನ ಒಗ್ಗದು. ವಿಮಾನವಿಲ್ಲದಿದ್ದರೆ ಅವರನ್ನೂ ಮಕ್ಕಳನ್ನೂ ಇಲ್ಲಿಗೆ ಕರೆತರಲು ನಮ್ಮಿಬ್ಬರಿಗೆ ಧೈರ್ಯ ಬರುತ್ತಿರಲಿಲ್ಲ.

ಆಕಾಶದಿಂದ ನೋಡಿದಾಗ ದ್ವೀಪದಲ್ಲಿ ಕಾಲಿಡಲು ಜಾಗವೇ ಇಲ್ಲವೇನೋ ಎನ್ನಿಸಿತು. ಮರಳ ದಂಡೆ ಕಾಣುವುದಿಲ್ಲ. ಕಂದು ಬಣ್ಣದ ಬೋಳು ಬಂಡೆಗಳು ನೀರಿನಿಂದ ನೇರವಾಗಿ ಮೇಲೆದ್ದಿವೆ. ಡ್ರೈ ಗಟ್ ಎಂಬ ಕಣಿವೆಯನ್ನು ಕಲ್ಲುಮಣ್ಣಿನಿಂದ ತುಂಬಿ, ಪ್ರಪಾತದ ಅಂಚಿನಲ್ಲಿ ರನ್‌ವೇ ಮಾಡಿದ್ದಾರೆ. ಅಲ್ಲಿ ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸುತ್ತದೆ. ಇಳಿಯುವಾಗ ವಿಮಾನ ಅಲುಗಾಡಿತು. ಅಮ್ಮ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು.

ಬೋಳು ಅಂಚನ್ನು ದಾಟಿ ಒಳಗೆ ಹೋದಂತೆ ನೆಲ ಹಸಿರಾಗತೊಡಗಿತು. ರಸ್ತೆಗಳು ಎಷ್ಟು ಕಿರಿದೆಂದರೆ ಹಲವು ಕಡೆ ಎದುರಿನ ವಾಹನ ನಿಂತು ದಾರಿ ಬಿಡಬೇಕು. ಎದುರಾಗುವ ಪ್ರತಿಯೊಬ್ಬ ಚಾಲಕನೂ ಕೈಯೆತ್ತುತ್ತಾನೆ. ಆ ಕೈಗಳಿಗೆ ಉತ್ತರ ಕೊಡುವ ಕೆಲಸವನ್ನು ಮಗ ವಹಿಸಿಕೊಂಡ, ಹೊರಡುವವರೆಗೂ ಬಿಡಲಿಲ್ಲ.

ರಾಜಧಾನಿ ಜೇಮ್ಸ್‌ಟೌನ್ ಎರಡು ಕಡಿದಾದ ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿದೆ. ಪಕ್ಕದ ಲ್ಯಾಡರ್ ಹಿಲ್‌ಗೆ ಏರುವ ಜೇಕಬ್ಸ್ ಲ್ಯಾಡರ್‌ಗೆ 699 ಮೆಟ್ಟಿಲುಗಳು. 1829ರಲ್ಲಿ ಸರಕನ್ನು ಮೇಲಕ್ಕೆಳೆಯುವ ಇಳಿಜಾರು ಹಳಿಯಾಗಿ ಇದನ್ನು ಕಟ್ಟಿದ್ದರು. ಮಗಳು ಎಲ್ಲರಿಗಿಂತ ಮೊದಲು ಮೇಲೆ ಮುಟ್ಟಿದಳು. ನನ್ನ ಹೆಂಡತಿ ಮೇಲೆ ಬಂದವಳೇ, ಬೆವರು ಒರೆಸಿಕೊಳ್ಳುತ್ತಾ, ಇಳಿಯುವುದಕ್ಕೆ ಕಾರು ತರಿಸಿ ಎಂದಳು.

ನೆಪೋಲಿಯನ್ ಹೆಸರಿನಿಂದಲೇ ಜಗತ್ತು ಈ ದ್ವೀಪವನ್ನು ಬಲ್ಲದು. 1815ರಲ್ಲಿ ಬ್ರಿಟಿಷರು ಅವನನ್ನು ಇಲ್ಲಿಗೆ ತಂದರು. 1821ರ ಮೇ 5ರಂದು ಲಾಂಗ್‌ವುಡ್ ಹೌಸ್‌ನಲ್ಲಿ ಅವನು ಸತ್ತ. ಆ ಮನೆ ಇರುವುದು ಗಾಳಿ, ಮಂಜು ಬಿಡದೆ ಬೀಸುವ ಎತ್ತರದ ಬಯಲಿನಲ್ಲಿ. ಈಗ ಅದು ಫ್ರಾನ್ಸ್‌ನ ಆಸ್ತಿ. ಕಿಟಕಿಯ ಬಾಗಿಲುಗಳಲ್ಲಿ ಸಣ್ಣ ರಂಧ್ರಗಳಿವೆ. ಕಾವಲುಗಾರರ ಕಣ್ಣಿಗೆ ಬೀಳದೆ ದೂರದರ್ಶಕದಿಂದ ಹೊರಗೆ ನೋಡಲು ಅವನೇ ಕೊರೆಯಿಸಿದನಂತೆ. ತೋಟದ ಕಾಲುದಾರಿಗಳನ್ನೂ ಅದೇ ಕಾರಣಕ್ಕೆ ತಗ್ಗಿಸಿ ತೋಡಿದ್ದಾರೆ. ಅಮ್ಮ ಒಂದು ರಂಧ್ರಕ್ಕೆ ಕಣ್ಣಿಟ್ಟು ಬಹಳ ಹೊತ್ತು ನಿಂತಿದ್ದರು. "ಅಷ್ಟು ದೇಶ ಗೆದ್ದವನಿಗೆ ಕೊನೆಗೆ ಉಳಿದದ್ದು ಇಷ್ಟೇ ಏನೋ?" ಎಂದು ನನ್ನನ್ನು ಕೇಳಿದರು.

ಅವನ ಗೋರಿ ಇರುವ ಕಣಿವೆ ತಂಪಾಗಿದೆ, ಹೂಗಿಡಗಳ ನಡುವೆ ಇದೆ. ಕಲ್ಲಿನ ಮೇಲೆ ಹೆಸರಿಲ್ಲ. ಏನು ಬರೆಯಬೇಕೆಂಬ ಬಗ್ಗೆ ಫ್ರೆಂಚರಿಗೂ ಬ್ರಿಟಿಷ್ ಗವರ್ನರನಿಗೂ ಒಮ್ಮತವಾಗಲಿಲ್ಲ. 1840ರಲ್ಲಿ ದೇಹವನ್ನು ಪ್ಯಾರಿಸ್‌ಗೆ ಒಯ್ದರು. ಗೋರಿ ಖಾಲಿಯಾದರೂ ಬರುವವರು ಬರುತ್ತಲೇ ಇದ್ದಾರೆ.

ಅದೇ 1840ರಿಂದ ಇದೇ ದ್ವೀಪಕ್ಕೆ ಬೇರೆಯ ಜನ ಬರತೊಡಗಿದರು. ಅಟ್ಲಾಂಟಿಕ್‌ನಲ್ಲಿ ಗುಲಾಮರ ಹಡಗುಗಳನ್ನು ಹಿಡಿಯುತ್ತಿದ್ದ ಬ್ರಿಟಿಷ್ ನೌಕಾಪಡೆ, ಅವುಗಳಲ್ಲಿದ್ದ ಆಫ್ರಿಕನ್ನರನ್ನು ಜೇಮ್ಸ್‌ಟೌನ್ ಪಕ್ಕದ ರೂಪರ್ಟ್ಸ್ ಕಣಿವೆಯಲ್ಲಿ ಇಳಿಸುತ್ತಿತ್ತು. ಮುಂದಿನ ಮೂರು ದಶಕಗಳಲ್ಲಿ ಹೀಗೆ ಬಂದವರು 25 ಸಾವಿರಕ್ಕೂ ಹೆಚ್ಚು. ಹಡಗಿನ ತಳದಲ್ಲಿ ಹಸಿವು, ಸಿಡುಬು, ಭೇದಿಗೆ ಸಿಕ್ಕಿ ಬಂದ ಅವರಲ್ಲಿ ಸುಮಾರು 8 ಸಾವಿರ ಮಂದಿ ಇಲ್ಲೇ ಮಣ್ಣಾದರು. ಬಹಳ ಮಂದಿ ಮಕ್ಕಳು. ವಿಮಾನ ನಿಲ್ದಾಣದ ರಸ್ತೆಗಾಗಿ ನೆಲ ಅಗೆದಾಗ 325 ಜನರ ಅಸ್ಥಿಗಳು ಸಿಕ್ಕವು. 2022ರಲ್ಲಿ ಅವುಗಳನ್ನು ಮತ್ತೆ ಗೌರವದಿಂದ ಹೂಳಲಾಯಿತು.

ಬಿಸಿಲು ಕಾಯುವ, ಮರದ ನೆರಳಿಲ್ಲದ ಆ ಕಣಿವೆಯಲ್ಲಿ ನಿಂತು ಮಗಳಿಗೆ ಇದನ್ನು ವಿವರಿಸುವುದು ನನಗೆ ಕಷ್ಟವಾಯಿತು. "ಅಪ್ಪ, ಅವರ ಹೆಸರುಗಳೂ ಇಲ್ಲವಾ?" ಎಂದಳು. ಇಲ್ಲ ಎಂದೆ. ಒಬ್ಬ ಚಕ್ರವರ್ತಿಯ ಖಾಲಿ ಗೋರಿಗೆ ಕೊಡುವ ಸಮಯದಲ್ಲಿ ಅರ್ಧವನ್ನಾದರೂ ಪ್ರವಾಸಿಗಳು ಇಲ್ಲಿಗೆ ಕೊಡಬೇಕು. ಲಾಂಗ್‌ವುಡ್ ನೋಡಿ ರೂಪರ್ಟ್ಸ್ ನೋಡದೆ ಹೋದವರು ಸೇಂಟ್ ಹೆಲೆನಾವನ್ನು ನೋಡಿದಂತಾಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮರುದಿನ ಸ್ಥಳೀಯ ಮಾರ್ಗದರ್ಶಿಯೊಬ್ಬರ ಜೊತೆ ದ್ವೀಪದ ಅತಿ ಎತ್ತರದ ಡಯಾನಾಸ್ ಪೀಕ್ ಹತ್ತಿದೆವು. 820 ಮೀಟರ್‌ನ ಆಸುಪಾಸಿನ ಆ ತುದಿಯ ಸುತ್ತ ಮರದೆತ್ತರದ ಜರೀಗಿಡಗಳು, ಅವುಗಳ ಮೇಲೆಲ್ಲ ಪಾಚಿ. ಮೋಡದ ತೇವವನ್ನು ಹಿಡಿದು ನೆಲಕ್ಕಿಳಿಸಿ, ದ್ವೀಪಕ್ಕೆ ನೀರು ಕೊಡುವುದರಲ್ಲಿ ಈ ಕಾಡಿನ ಪಾಲು ದೊಡ್ಡದು. ಇಲ್ಲಿನ ಅನೇಕ ಗಿಡಗಳು ಪ್ರಪಂಚದಲ್ಲಿ ಬೇರೆಲ್ಲೂ ಬೆಳೆಯುವುದಿಲ್ಲ. ದ್ವೀಪದ ಎಬೊನಿ ಗಿಡ ಅಳಿದೇ ಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದರು. 1980ರಲ್ಲಿ ಜಾರ್ಜ್ ಬೆಂಜಮಿನ್ ಎಂಬ ಸ್ಥಳೀಯ ಪ್ರಕೃತಿಪ್ರೇಮಿಯ ಕಣ್ಣಿಗೆ ಕಡಿದಾದ ಬಂಡೆಯಲ್ಲಿ ಎರಡು ಗಿಡಗಳು ಬಿದ್ದವು. ಅವುಗಳಿಂದ ತೆಗೆದ ಕಡ್ಡಿಗಳಿಂದಲೇ ಇಂದಿನ ಎಬೊನಿ ಸಂತತಿ ಬೆಳೆದಿದೆ. ಮಾರ್ಗದರ್ಶಿ ಈ ಕಥೆ ಹೇಳುವಾಗ ಅವರ ದನಿಯಲ್ಲಿದ್ದ ಹೆಮ್ಮೆ ನನಗೂ ಅಂಟಿಕೊಂಡಿತು.

ಗವರ್ನರರ ನಿವಾಸ ಪ್ಲಾಂಟೇಶನ್ ಹೌಸ್‌ನ ಹುಲ್ಲುಹಾಸಿನಲ್ಲಿ ಜೊನಾಥನ್ ಎಂಬ ಆಮೆಯನ್ನು ಕಂಡೆವು. 1832ರ ಸುಮಾರಿಗೆ ಹುಟ್ಟಿದ್ದೆಂದು ಅಂದಾಜು. 1882ರಲ್ಲಿ ಸೇಷೆಲ್ಸ್‌ನಿಂದ ತಂದಾಗಲೇ ಪೂರ್ತಿ ಬೆಳೆದಿತ್ತು. ಅದಕ್ಕೆ ಕಣ್ಣು ಕಾಣುವುದಿಲ್ಲ, ಕಿವಿ ಮಾತ್ರ ಚುರುಕು. ಮಕ್ಕಳು ಪಿಸುಮಾತಿನಲ್ಲೇ ಜಗಳವಾಡಿದರು.

ಕೊನೆಯ ದಿನ ವಿಮಾನ ನಿಲ್ದಾಣಕ್ಕೆ ಹೋಗುವ ಮೊದಲು ಮಿಲೆನಿಯಂ ಫಾರೆಸ್ಟ್‌ಗೆ ಹೋದೆವು. ಒಂದು ಕಾಲದಲ್ಲಿ ಗ್ರೇಟ್ ವುಡ್ ಎಂಬ ದಟ್ಟ ಕಾಡಿದ್ದ ಜಾಗವದು. ಹಿಂದಿನವರು ಸೌದೆಗಾಗಿ ಕಡಿದರು, ಅವರು ತಂದುಬಿಟ್ಟ ಆಡುಗಳು ಚಿಗುರನ್ನೆಲ್ಲ ಮೇಯ್ದವು, ಕಾಡು ಬಯಲಾಯಿತು. 2000ದಿಂದ ಊರವರೇ ಗಮ್‌ವುಡ್ ಸಸಿಗಳನ್ನು ನೆಟ್ಟು ಅದನ್ನು ಮರಳಿ ಕಟ್ಟುತ್ತಿದ್ದಾರೆ. ನಾವೂ ಒಂದು ಸಸಿ ನೆಟ್ಟೆವು. ಗುಂಡಿಯನ್ನು ಮಗ ತೋಡಿದ, ಮಣ್ಣು ಮುಚ್ಚಿದ್ದು ಅಮ್ಮ. "ರೂಪರ್ಟ್ಸ್‌ನ ಮಕ್ಕಳಿಗೆ ಇದು" ಎಂದು ಮಗಳು ಹೇಳಿದಾಗ ಯಾರೂ ಬೇಡವೆನ್ನಲಿಲ್ಲ.