ಎಲ್ಲಾ ಐತಿ, ಅರ್ಥಾನ ಇಲ್ಲ

ಮೂವತ್ತು ಕಿಕ್ ಹೊಡೆದು ಸುಸ್ತಾಗಿ ನಿಲ್ಲಿಸಿದೆ. ಎಣಿಸಿದ್ದು ನಾನಲ್ಲ, ವಾಚ್‌ಮನ್. ಗಾಡಿ ಅಪ್ಪನ 1996ರ ಬಜಾಜ್ ಚೇತಕ್ ಸ್ಕೂಟರ್, ಕೆಎ 28 ನಂಬರಿನದು. ವಿಜಯಪುರದಿಂದ ಲಾರಿ ಮೇಲೆ ತಂದು ಪುಣೆ ಪಕ್ಕದ ಚಿಂಚವಡದ ನಮ್ಮ ಸೊಸೈಟಿ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ್ದೆ. ಒಂದು ಲೆಕ್ಕದಲ್ಲಿ ಇದು ತವರಿಗೆ ಬಂದ ಹಾಗೆ. ಚೇತಕ್ ಹುಟ್ಟಿದ ಆಕುರ್ಡಿ ಕಾರ್ಖಾನೆ ನಮ್ಮ ಮನೆಗೆ ಹತ್ತಿರದಲ್ಲೇ ಇದೆ. ಈಗ ಅದೇ ಹೆಸರಿನ ಎಲೆಕ್ಟ್ರಿಕ್ ಗಾಡಿ ಸದ್ದಿಲ್ಲದೆ ಪಕ್ಕದಲ್ಲಿ ಹಾದು ಹೋಗುತ್ತದೆ, ನಮ್ಮದು ಕೆಮ್ಮುತ್ತಾ ನಿಂತಿರುತ್ತದೆ.

ಅವತ್ತು ಕೆಮ್ಮಲೂ ಇಲ್ಲ. ಪ್ಲಗ್ ಬಿಚ್ಚಿ ಎಂಜಿನ್‌ಗೆ ತಾಗಿಸಿ ಕಿಕ್ ಹೊಡೆದು ನೋಡಿದರೆ ಕಿಡಿಯೇ ಇಲ್ಲ. ಎಂಜಿನ್ ಪಕ್ಕದ ಜಂಕ್ಷನ್ ಬಾಕ್ಸ್ ತೆಗೆದೆ. ಎಂಜಿನ್ ಆಫ್ ಮಾಡುವ ಸ್ವಿಚ್‌ಗೆ ಹೋಗುವ ವೈರ್ ಒಂದಿದೆಯಲ್ಲ, ಅದನ್ನು ಬಿಡಿಸಿ ಪಕ್ಕಕ್ಕೆ ಇಟ್ಟೆ. ಒಂದೇ ಕಿಕ್‌ಗೆ ಎಂಜಿನ್ ಶುರು! ಈ ಗಾಡಿಯಲ್ಲಿ ಆಫ್ ಮಾಡುವುದು ಅಂದರೆ ಆ ವೈರನ್ನು ಗಾಡಿಯ ಲೋಹದ ಮೈಗೆ ತಾಗಿಸುವುದು, ಅಷ್ಟೇ. ಅಂದರೆ ಅದು ಒಳಗೆ ಎಲ್ಲೋ ತಾನೇ ತಾಗಿಕೊಂಡು ಕೂತಿದೆ. ಟಾರ್ಚ್ ಹಾಕಿ ನೋಡಿದರೆ ಇಲಿ. ಇಲಿ ಇರಲಿಲ್ಲ, ಅದರ ಕೆಲಸ ಇತ್ತು. ವೈರಿನ ಮೇಲಿನ ಪ್ಲಾಸ್ಟಿಕ್ ಜೋಳದ ತೆನೆ ತಿಂದ ಹಾಗೆ ತಿಂದು, ತಾಮ್ರ ಬಿಟ್ಟಿತ್ತು. ನಮ್ಮ ಸೊಸೈಟಿಯ ಗಣಪತಿ ಮಂಡಪದ ಸಾಮಾನು ಇಡುವ ಮೂಲೆ ಪಕ್ಕದಲ್ಲೇ ಇದೆ, ಹಾಗಾಗಿ ಇಲಿಗಳಿಗೆ ಅಲ್ಲಿ ಹಕ್ಕಿದೆ ಅನ್ನಿ.

ಅಂಗಡಿಯಲ್ಲಿ ಸಿಗುವ ರೆಡಿ ವೈರಿಂಗ್ ಕಿಟ್ ಒಂದನ್ನು ನಾನಾ ಪೇಟೆಯಿಂದ ತಂದೆ. ಕೈಯಲ್ಲಿ ಹಿಡಿದಾಗಲೇ ಹಗುರ ಅನ್ನಿಸಿತು. ಒಂದು ತುದಿ ಸುಲಿದರೆ ಒಳಗೆ ಕೂದಲಿನ ಹಾಗೆ ನಾಲ್ಕು ಎಳೆ, ಬಣ್ಣಗಳೂ ನನ್ನ ಗಾಡಿಯಲ್ಲಿ ಕರೆಂಟ್ ಹುಟ್ಟಿಸುವ ಕಾಯಿಲ್ ಪ್ಲೇಟಿನ ವೈರ್‌ಗೆ ಹೊಂದುವುದಿಲ್ಲ. ನನ್ನ ಕೆಲಸ ಏನಪ್ಪಾ ಅಂದರೆ, ಫ್ಯಾಕ್ಟರಿ ಮಷೀನ್‌ಗಳ ಕಂಟ್ರೋಲ್ ಪ್ಯಾನೆಲ್ ವೈರಿಂಗ್. ಹದಿನಾಲ್ಕು ವರ್ಷದಿಂದ ಅದೇ. ಮುನ್ನೂರು ವೈರ್ ಇರುವ ಪ್ಯಾನೆಲ್ ಕಟ್ಟುವವನಿಗೆ, ಬ್ಯಾಟರಿ ಇಲ್ಲದ, ಇಂಡಿಕೇಟರ್ ಕೂಡ ಇಲ್ಲದ ಸ್ಕೂಟರಿನ ಹತ್ತು ವೈರ್ ಯಾವ ಲೆಕ್ಕ ಅಂತ ಕಿಟ್ ಪಕ್ಕಕ್ಕೆ ಎಸೆದು, ನಾನೇ ಕಟ್ಟುತ್ತೇನೆ ಅಂತ ಹೆಂಡತಿ ಎದುರು ಹೇಳಿಬಿಟ್ಟೆ. ಹೇಳಬಾರದಿತ್ತು.

ಶನಿವಾರ ಪಿಂಪ್ರಿಯಲ್ಲಿ ಮೆಟ್ರೋ ಹತ್ತಿ ಮಂಡಯಿಯಲ್ಲಿ ಇಳಿದು, ಮಳೆಯಲ್ಲಿ ತಾಪಕೀರ್ ಗಲ್ಲಿಗೆ ನಡೆದೆ. ಆ ಗಲ್ಲಿಯಲ್ಲಿ ಎಲೆಕ್ಟ್ರಿಕ್ ಸಾಮಾನು ಸಿಗದೇ ಇದ್ದರೆ ಪುಣೆಯಲ್ಲೇ ಸಿಗುವುದಿಲ್ಲ. ಹೆಡ್‌ಲೈಟ್‌ಗೆ 1 ಸ್ಕ್ವೇರ್ ಎಂಎಂ ವೈರ್, ಉಳಿದದ್ದಕ್ಕೆ 0.75, ಎಲ್ಲವೂ ಮಲ್ಟಿಸ್ಟ್ರಾಂಡ್, ಅಂದರೆ ಹಲವು ಎಳೆಯದು. ಮನೆ ವೈರಿಂಗ್‌ನ ಒಂಟಿ ಎಳೆಯ ತಂತಿ ಗಾಡಿಯ ನಡುಕಕ್ಕೆ ಬೇಗ ಮುರಿಯುತ್ತದೆ. 35 ವ್ಯಾಟ್ ಬಲ್ಬ್‌ಗೆ 12 ವೋಲ್ಟ್‌ನಲ್ಲಿ ಹರಿಯುವುದು ಸುಮಾರು 3 ಆಂಪ್, ಸಣ್ಣ ವೈರೂ ಸಾಕು ನಿಜ. ಆದರೆ ಸಣ್ಣ ವೈರಿನಲ್ಲಿ ವೋಲ್ಟೇಜ್ ಸ್ವಲ್ಪ ಕಮ್ಮಿಯಾಗುತ್ತದೆ, ಫಿಲಮೆಂಟ್ ಬಲ್ಬ್ ಬಲು ಸೂಕ್ಷ್ಮ. ವೋಲ್ಟೇಜ್ ನೂರಕ್ಕೆ 10 ಕಮ್ಮಿ ಆದರೆ ಬೆಳಕು ನೂರಕ್ಕೆ 30ರಷ್ಟು ಹೋಗುತ್ತದೆ. ಮೊದಲೇ ಚೇತಕ್ ಹೆಡ್‌ಲೈಟ್ ದೇವರ ಮನೆ ದೀಪ, ಅದರಲ್ಲೂ ಕಳೆದುಕೊಂಡರೆ ಹೇಗೆ?

ಭಾನುವಾರ ಮಂಚದ ಹಾಸಿಗೆ ಎತ್ತಿ ಕೆಳಗಿನ ಪ್ಲೈವುಡ್ ಹಲಗೆ ತೆಗೆದು ಹಾಲ್‌ನಲ್ಲಿ ಹಾಕಿಕೊಂಡೆ. ಫ್ಯಾಕ್ಟರಿಗಳಲ್ಲಿ ಇವತ್ತಿಗೂ ಹಾರ್ನೆಸ್, ಅಂದರೆ ಗಾಡಿಯ ವೈರ್ ಎಲ್ಲ ಸೇರಿಸಿದ ಕಟ್ಟು, ಹೆಚ್ಚಾಗಿ ಕೈಕೆಲಸವೇ. ದೊಡ್ಡ ಹಲಗೆ ಮೇಲೆ ಗೂಟ ಹೊಡೆದು, ಒಂದೊಂದೇ ವೈರ್ ಹಾಯಿಸಿ, ಟೇಪ್ ಸುತ್ತುತ್ತಾರೆ. ನಾನೂ ಹಳೆಯ ಹಾರ್ನೆಸ್ ಹಲಗೆ ಮೇಲೆ ಮಲಗಿಸಿ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಕವಲು ಒಡೆಯುವ ಕಡೆಯೆಲ್ಲ ಮೊಳೆ ಹೊಡೆದೆ. ಇಲ್ಲಿ ಹಾರ್ನ್, ಇಲ್ಲಿ ಬ್ರೇಕ್ ಸ್ವಿಚ್, ಇಲ್ಲಿ ಹಿಂದಿನ ಲೈಟ್. ಹಳೆಯದರಲ್ಲಿ ಹ್ಯಾಂಡಲ್ ಹತ್ತಿರ ಒಂದು ಸೊಂಟ ಇತ್ತು, ಅಂದರೆ ನಾಲ್ಕು ಬೆರಳಿನಷ್ಟು ಸುಮ್ನೆ ಬಾಗಿಕೊಂಡಿತ್ತು. ಹಳೆಯದಾಗಿ ಜೋತುಬಿದ್ದಿದೆ ಅಂದುಕೊಂಡು ನೆಟ್ಟಗೆ ಎಳೆದು ಅಳತೆ ಹಾಕಿದೆ. ಪ್ಯಾನೆಲ್‌ನವರ ಚಟ ಇದು. ನಮ್ಮಲ್ಲಿ ವೈರ್ ಬಾಗಿದ್ದರೆ ಇನ್‌ಸ್ಪೆಕ್ಷನ್‌ನಲ್ಲಿ ಫೇಲ್.

"ಮಂಚದ ಹಲಗಿ ಎಂದ ಹಾಕತೀರಿ?" ಅಂತ ಹೆಂಡತಿ ಎರಡು ಸಲ ಕೇಳಿದಳು.

ಪ್ರತಿ ತುದಿಗೆ ನಂಬರ್ ಫೆರೂಲ್ (ವೈರಿನ ನಂಬರ್ ತೋರಿಸುವ ಪುಟ್ಟ ಕೊಳವೆ), ಕ್ರಿಂಪ್ ಮಾಡಿದ, ಅಂದರೆ ಒತ್ತಿ ಕೂರಿಸಿದ ಬುಲೆಟ್ ಟರ್ಮಿನಲ್, ಮೇಲೆ ಸ್ಲೀವ್. ಬೆಸುಗೆ ಬೇಕಂತಲೇ ಹಾಕಲಿಲ್ಲ. ಸೀಸ ಎಳೆಗಳ ಒಳಗೆ ಹರಿದು ಅಲ್ಲಿ ತಂತಿ ಕಡ್ಡಿಯಾಗುತ್ತದೆ, ನಡುಗುವ ಗಾಡಿಯಲ್ಲಿ ಆ ಕಡ್ಡಿಯ ಬುಡದಲ್ಲೇ ಮುರಿಯುತ್ತದೆ. ಸಂಜೆ ಹೊತ್ತಿಗೆ ಹಾರ್ನೆಸ್ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ.

ಹಳೆಯದನ್ನು ತೆಗೆಯುವಾಗಲೇ ಅದರ ಬಾಲಕ್ಕೆ ಸುತಲಿ ಕಟ್ಟಿ ಒಳಗೆ ಬಿಟ್ಟಿದ್ದೆ. ಆ ಸುತಲಿಗೆ ಹೊಸದನ್ನು ಕಟ್ಟಿ, ಪೌಡರ್ ಹಚ್ಚಿ, ಮಗ ಮುಂದಿನಿಂದ ತಳ್ಳುತ್ತಾ ನಾನು ಹಿಂದಿನಿಂದ ಎಳೆಯುತ್ತಾ ಫ್ರೇಮಿನ ಕೊಳವೆಯಲ್ಲಿ ಹಾಯಿಸಿದೆವು. ಮಧ್ಯದಲ್ಲಿ ಗಂಟು ಒಂದು ಸಲ ಬಿಚ್ಚಿತು. ಆಗ ನಾನು ಏನಂದೆ ಅನ್ನುವುದು ಬೇಡ, ಮಗ ಅದನ್ನು ಈಗಲೂ ಅಜ್ಜಿಗೆ ಹೇಳುತ್ತಾನೆ.

ಕಿಕ್. ಎಂಜಿನ್ ಶುರು. ಹೆಡ್‌ಲೈಟ್ ಇಲ್ಲ. ಹಾರ್ನ್ ಒತ್ತಿದರೆ ಹೊಟ್ಟೆಯೊಳಗೆ ಗುರ್ರ್ ಅನ್ನುತ್ತದೆ, ಹೊರಗೆ ಬರುವುದಿಲ್ಲ. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ವೈರ್ ಬಿಗಿದು ನಿಲ್ಲುತ್ತದೆ, ಆ ನಾಲ್ಕು ಬೆರಳಿನ ಸೊಂಟ ಯಾಕಿತ್ತು ಅಂತ ಆಗ ಗೊತ್ತಾಯಿತು. ಅದಿರಲಿ, ಇನ್ನೊಂದು ವಿಚಿತ್ರ ನೋಡಿ: ಕ್ಲಚ್ ಹಿಡಿದರೆ ಹೆಡ್‌ಲೈಟ್ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಕ್ಲಚ್‌ಗೂ ಲೈಟ್‌ಗೂ ಏನು ಸಂಬಂಧ? ಡಿಮ್ಮರ್ ಸ್ವಿಚ್ ಮೂರು ಸಲ ಬಿಚ್ಚಿದೆ. ಕೊನೆಗೆ ಕ್ಲಚ್ ಹಿಡಿದೇ ಆಕ್ಸಿಲರೇಟರ್ ತಿರುಗಿಸಿದೆ. ಬಲ್ಬ್ ಬೆಳ್ಳಗೆ ಒಮ್ಮೆ ಉರಿದು ಆರಿತು. ಮೀಟರ್ ಹಚ್ಚಿ ನೋಡಿದರೆ 20 ವೋಲ್ಟ್ ದಾಟಿ ಹೋಗುತ್ತಿದೆ.

ನಮ್ಮ ರಸ್ತೆ ಮೂಲೆಯಲ್ಲಿ ಗ್ಯಾರೇಜ್ ಇಟ್ಟಿರುವ ಕಾಕಾ ಸಾಂಗ್ಲಿ ಜಿಲ್ಲೆಯ ಜತ್ತದವರು. ಗಿರಾಕಿ ಹತ್ತಿರ ಮರಾಠಿ, ಸಿಟ್ಟು ಬಂದರೆ ಕನ್ನಡ. ಸೋಮವಾರ ಗಾಡಿ ತಳ್ಳಿಕೊಂಡು ಹೋದೆ. ಅವರು ಮೊದಲು ಫೆರೂಲ್ ನಂಬರ್ ಎಲ್ಲ ಓದಿದರು, "ಏನ್ ಚಂದ ಮಾಡೀಯೋ ತಮ್ಮಾ" ಅಂದರು. ನಾನು ಉಬ್ಬಿದೆ. ಆಮೇಲೆ ಒಂದು ತುಂಡು ವೈರ್ ತಗೊಂಡು ಒಂದು ತುದಿ ಎಂಜಿನ್‌ಗೆ, ಇನ್ನೊಂದು ಬಲ್ಬ್ ಹೋಲ್ಡರಿನ ಮೈಗೆ ಹಿಡಿದರು. ಹೊಸ ಬಲ್ಬ್ ಅಲ್ಲಾಡದೆ ಉರಿಯಿತು.

"ಎಲ್ಲಾ ಐತಿ, ಅರ್ಥಾನ ಇಲ್ಲ."

"ಅರ್ಥ ಅಂದ್ರ ಏನ್ ಕಾಕಾ? ಡ್ರಾಯಿಂಗ್ ತೋರಿಸ್ಲೇನು?"

"ಡ್ರಾಯಿಂಗ್ ನೀರಾಗ ಹಾಕು. ಅರ್ಥಿಂಗೋ! ಬಣ್ಣ ಹಚ್ಚಿಸೀಯಲ್ಲ, ಕರೆಂಟ್ ವಾಪಸ್ ಹ್ಯಾಂಗ ಬರಬೇಕು? ಅದಕ್ಕ ಕ್ಲಚ್ ವೈರ್ ಹಿಡಕೊಂಡು ಮನಿಗಿ ಹೊಂಟೈತಿ."

ಗಾಡಿಯ ಲೋಹದ ಮೈಯೇ ಕರೆಂಟ್ ವಾಪಸ್ ಬರುವ ದಾರಿ, ಅದಕ್ಕೇ ಅರ್ಥ್ ಅನ್ನುವುದು; ಬಣ್ಣದ ಮೂಲಕ ಅದು ಹಾಯುವುದಿಲ್ಲ. ಹೋದ ವರ್ಷ ಟಿಂಕರಿಂಗ್ ಮಾಡಿಸಿ ಪೂರ್ತಿ ಹೊಸ ಬಣ್ಣ ಹೊಡೆಸಿದ್ದೆ. ಎಲ್ಲೂ ಒಂದು ಉಗುರಿನಷ್ಟು ಲೋಹ ಬಿಟ್ಟಿರಲಿಲ್ಲ. ಹಳೆಯ ಹಾರ್ನೆಸ್ ತೆಗೆದು ಹೊಸದು ಹಾಕುವ ಗಡಿಬಿಡಿಯಲ್ಲಿ ಹಳೆ ಬೋಲ್ಟುಗಳನ್ನು ಬಿಚ್ಚಿದ್ದೆ, ಅವುಗಳ ಅಡಿಯಲ್ಲಿ ಉಳಿದಿದ್ದ ಅಲ್ಪ ಸ್ವಲ್ಪ ಸಂಪರ್ಕವೂ ಹೋಗಿತ್ತು. ಹ್ಯಾಂಡಲಿನಿಂದ ಎಂಜಿನ್‌ಗೆ ಕರೆಂಟಿಗೆ ಉಳಿದ ದಾರಿ ಕ್ಲಚ್ಚಿನ ಉಕ್ಕಿನ ತಂತಿ ಒಂದೇ. ಲಿವರ್ ಹಿಡಿದಾಗ ಅದು ಬಿಗಿಯಾಗಿ ತಾಗುತ್ತದೆ, ಬಿಟ್ಟಾಗ ಸಡಿಲ. ರೆಗ್ಯುಲೇಟರ್‌ದೂ ಅದೇ ಕಥೆ. ವೋಲ್ಟೇಜ್ ಮಿತಿ ಮೀರದಂತೆ ತಡೆಯುವುದು ಅದರ ಕೆಲಸ, ಅದರ ಮೈಯೇ ಅದರ ಅರ್ಥ್. ಬಣ್ಣದ ಮೇಲೆ ಕೂತು ಅದು ಯಾವ ವೋಲ್ಟೇಜನ್ನೂ ತಡೆಯುತ್ತಿರಲಿಲ್ಲ, ಬಲ್ಬ್ ಹೋಗಿದ್ದು ಅದಕ್ಕೇ.

ನಾಚಿಕೆ ಏನಂದರೆ, ಪ್ಯಾನೆಲ್‌ನಲ್ಲಿ ಅರ್ಥ್ ಬೋಲ್ಟ್ ಹಾಕುವ ಮೊದಲು ಬಣ್ಣ ಕೆರೆದು ಸ್ಟಾರ್ ವಾಷರ್ (ಹಲ್ಲಿರುವ ವಾಷರ್) ಹಾಕುವುದು ನಾನು ದಿನಾ ಮಾಡುವ ಕೆಲಸ. ಹೊಸ ಹುಡುಗರು ಮರೆತರೆ ಬೈಯುವುದೂ ನಾನೇ.

ಕಾಕಾ ಸ್ಕ್ರೂಡ್ರೈವರ್ ತಗೊಂಡು ನನ್ನ ಹೊಸ ಬಣ್ಣವನ್ನು ಕರ್ ಕರ್ ಅಂತ ಕೆರೆದರು. ಹಲ್ಲು ಕಚ್ಚಿಕೊಂಡು ಬೇರೆ ಕಡೆ ನೋಡಿದೆ. ರೆಗ್ಯುಲೇಟರ್ ಅಡಿಯಲ್ಲಿ, ಹಿಂದಿನ ಲೈಟಿನ ಹತ್ತಿರ, ಹಾರ್ನ್ ಬುಡದಲ್ಲಿ, ಮೂರು ಕಡೆ. ಮನೆಗೆ ಬಂದು ಹಾರ್ನೆಸ್ ಮತ್ತೆ ಹೊರಗೆ ಎಳೆದು, ಹ್ಯಾಂಡಲಿನಿಂದ ಎಂಜಿನ್‌ವರೆಗೆ ಒಂದು ಹಸಿರು ವೈರ್ ಅರ್ಥ್‌ಗೆಂದೇ ಸೇರಿಸಿದೆ. ನಾಲ್ಕು ಬೆರಳಿನ ಸೊಂಟವನ್ನೂ ಕೊಟ್ಟೆ, ಕೆಲವು ವೈರ್‌ಗೆ ತುಂಡು ಸೇರಿಸಬೇಕಾಯಿತು, ಫೋಟೋದಲ್ಲಿದ್ದ ಅಂದ ಹೋಯಿತು. ಈ ಸಲದ ಫೋಟೋ ಅಣ್ಣನಿಗೆ ಕಳಿಸಲಿಲ್ಲ.

ಹಾರ್ನ್ ಈಗ ಎಷ್ಟು ಜೋರೆಂದರೆ ವಾಚ್‌ಮನ್ ಎದ್ದು ಗೇಟ್ ತೆಗೆಯುತ್ತಾನೆ. ಮಂಚದ ಹಲಗೆಯನ್ನೂ ವಾಪಸ್ ಹಾಕಿದ್ದೇನೆ. ಮೊನ್ನೆ ಬೆಡ್‌ಶೀಟ್ ಬದಲಿಸುವಾಗ ಹಾಸಿಗೆ ಅಡಿಯಲ್ಲಿ ಕವರ್ ಗೇಣುದ್ದ ಹರಿದಿದ್ದು ಹೆಂಡತಿ ನೋಡಿ ಕರೆದಳು. ಹಾರ್ನ್ ಕವಲಿನ ಮೊಳೆ ಕೀಳುವುದನ್ನು ಮರೆತಿದ್ದೆ.